ಬಾಗಿಲಿನಿಂದಲೋ ಕಿಟಕಿಯಿಂದಲೋ: ಫ್ರಾನ್ಸ್ ಟೆಲಿಕಾಂನಲ್ಲಿ ಸಹಾಯವಾಣಿ ಸೋತದ್ದೆಲ್ಲಿ?

2009ರ ಸೆಪ್ಟೆಂಬರ್. ಫ್ರಾನ್ಸಿನ ಅತಿ ದೊಡ್ಡ ಟೆಲಿಫೋನ್ ಕಂಪನಿ ಫ್ರಾನ್ಸ್ ಟೆಲಿಕಾಂ ತನ್ನ ನೌಕರರಿಗೆ ಒಂದು ಉಚಿತ ಫೋನ್ ನಂಬರ್ ಕೊಟ್ಟಿತು. ಕರೆ ಮಾಡಿದರೆ ಆ ಕಡೆ ಸೈಕಾಲಜಿಸ್ಟ್‌ಗಳು ಮಾತಾಡುತ್ತಾರೆ. ಅದೇ ತಿಂಗಳು ವರ್ಗಾವಣೆಗಳಿಗೆ ತಾತ್ಕಾಲಿಕ ತಡೆ ಬಿತ್ತು. ಡಾಕ್ಟರುಗಳನ್ನು, ಎಚ್‌ಆರ್ ಸಿಬ್ಬಂದಿಯನ್ನು ಹೆಚ್ಚಿಸುತ್ತೇವೆ ಎಂಬ ಪ್ರಕಟಣೆಯೂ ಬಂತು. ಕಾರ್ಮಿಕ ಸಚಿವರನ್ನು ಭೇಟಿ ಮಾಡಿ ಹೊರಬಂದ ಅಧ್ಯಕ್ಷ ಡಿಡಿಯೇ ಲೊಂಬಾರ್ ಪತ್ರಕರ್ತರ ಮುಂದೆ ನಿಂತು, ಈ ಆತ್ಮಹತ್ಯೆಯ ಫ್ಯಾಷನ್ ನಿಲ್ಲಬೇಕು ಎಂಬರ್ಥದ ಮಾತಾಡಿದರು. ದೇಶವೇ ಉರಿದುಬಿತ್ತು. ಆಮೇಲೆ ಅವರು ಕ್ಷಮೆ ಕೇಳಿದರು.

ಕಾರ್ಮಿಕ ಸಂಘಗಳ ಲೆಕ್ಕದಲ್ಲಿ 2008 ಮತ್ತು 2009, ಈ ಎರಡೇ ವರ್ಷಗಳಲ್ಲಿ ಆ ಕಂಪನಿಯ 35 ನೌಕರರು ಜೀವ ಕಳೆದುಕೊಂಡಿದ್ದರು. ಹತ್ತು ವರ್ಷದ ನಂತರ ಲೊಂಬಾರ್ ಮತ್ತು ಅವರ ಜೊತೆಗಾರರು ನೌಕರರಿಗೆ ಕಿರುಕುಳ ಕೊಟ್ಟ ಆರೋಪ ಹೊತ್ತು ಕ್ರಿಮಿನಲ್ ಕೋರ್ಟಿನ ಕಟಕಟೆಯಲ್ಲಿ ನಿಂತರು.

ಈ ಪ್ರಕರಣದ ಬಗ್ಗೆ ಬರೆದವರಲ್ಲಿ ಹಲವರು ಆ ಕೋರ್ಟ್ ತೀರ್ಪಿನ ಬಗ್ಗೆಯೇ ಬರೆದಿದ್ದಾರೆ. ನನಗೆ ಕುತೂಹಲ ಇರುವುದು ಇನ್ನೊಂದು ಕಡೆ. ಆ ಕಂಪನಿಯಲ್ಲಿ ನೌಕರರ ನೋವು ಕೇಳುವ ವ್ಯವಸ್ಥೆ 2009ಕ್ಕೂ ಮುಂಚೆಯೇ ಇತ್ತು. ಡಾಕ್ಟರುಗಳಿದ್ದರು, ಸಮಾಜ ಕಾರ್ಯಕರ್ತರಿದ್ದರು, 'ಆಲಿಸುವ ಘಟಕ'ಗಳಿದ್ದವು. ಹಾಗಿದ್ದೂ ಯಾಕೆ ಕೆಲಸ ಮಾಡಲಿಲ್ಲ?

ಉದ್ಯೋಗಿ ಸಹಾಯ ಕಾರ್ಯಕ್ರಮ, ಅಂದರೆ ನಮ್ಮ ಆಫೀಸುಗಳಲ್ಲಿ ಎಲ್ಲರೂ ಇಎಪಿ ಎನ್ನುವ ಈ ವ್ಯವಸ್ಥೆ ಹುಟ್ಟಿದ್ದು ಅಮೆರಿಕದಲ್ಲಿ. 1940ರ ದಶಕದಲ್ಲಿ ಡ್ಯೂಪಾಂಟ್, ಈಸ್ಟ್‌ಮನ್ ಕೊಡಕ್‌ನಂಥ ಕಂಪನಿಗಳು ಕುಡಿತಕ್ಕೆ ಬಿದ್ದ ಕೆಲಸಗಾರರನ್ನು ಮನೆಗೆ ಕಳಿಸುವ ಬದಲು ಚಿಕಿತ್ಸೆಗೆ ಕಳಿಸಲು ಶುರು ಮಾಡಿದವು. ನುರಿತ ಕೈಯನ್ನು ಕಳೆದುಕೊಳ್ಳುವುದಕ್ಕಿಂತ ಅದು ಅಗ್ಗ. ಆಮೇಲೆ ಕುಡಿತದ ಜೊತೆಗೆ ಸಾಲ, ಸಂಸಾರದ ಜಗಳ, ಖಿನ್ನತೆ ಎಲ್ಲವೂ ಸೇರಿಕೊಂಡವು. ಆದರೆ ಮೂಲದ ಒಂದು ನಂಬಿಕೆ ಹಾಗೇ ಉಳಿಯಿತು. ತೊಂದರೆ ಹುಟ್ಟುವುದು ಹೊರಗೆ, ಕೆಲಸಗಾರ ಅದನ್ನು ಹೊತ್ತುಕೊಂಡು ಗೇಟಿನ ಒಳಗೆ ಬರುತ್ತಾನೆ, ಕಂಪನಿ ದೊಡ್ಡ ಮನಸ್ಸು ಮಾಡಿ ಸಹಾಯ ಮಾಡುತ್ತದೆ. ತೊಂದರೆ ಗೇಟಿನ ಒಳಗೇ ಹುಟ್ಟಿದರೆ ಏನು ಮಾಡಬೇಕು ಎಂಬುದಕ್ಕೆ ಆ ಮೂಲ ನಕ್ಷೆಯಲ್ಲಿ ಜಾಗವೇ ಇರಲಿಲ್ಲ.

ಸರ್ಕಾರಿ ಇಲಾಖೆಯಿಂದ ಶೇರುಪೇಟೆಗೆ

ಫ್ರಾನ್ಸ್ ಟೆಲಿಕಾಂ ಮೊದಲು ಸರ್ಕಾರದ ಅಂಚೆ-ತಂತಿ-ದೂರವಾಣಿ ಆಡಳಿತದ ಭಾಗ. ನಮ್ಮ ಹಳೇ ಪಿ ಅಂಡ್ ಟಿ ಇಲಾಖೆ ಇದ್ದ ಹಾಗೆ ಅನ್ನಿ. 1991ರಲ್ಲಿ ಬೇರೆ ಸಂಸ್ಥೆಯಾಯಿತು, 1996ರಲ್ಲಿ ಕಂಪನಿಯಾಯಿತು, 1997ರಲ್ಲಿ ಶೇರುಪೇಟೆಗೆ ಇಳಿಯಿತು. 2004ರ ಹೊತ್ತಿಗೆ ಸರ್ಕಾರದ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ನಡುವೆ 2000ದಲ್ಲಿ ಬ್ರಿಟನ್ನಿನ ಆರೆಂಜ್ ಮೊಬೈಲ್ ಕಂಪನಿಯನ್ನು ದುಬಾರಿ ಬೆಲೆಗೆ ಕೊಂಡಿತು. ಟೆಲಿಕಾಂ ಗುಳ್ಳೆ ಒಡೆದ ಮೇಲೆ ನೋಡಿದರೆ ತಲೆ ಮೇಲೆ ಸುಮಾರು 7,000 ಕೋಟಿ ಯೂರೋ ಸಾಲ.

ಕಂಪನಿ ಖಾಸಗಿಯಾದರೂ ನೌಕರರು ಪೂರ್ತಿ ಖಾಸಗಿಯಾಗಲಿಲ್ಲ, ಇದು ಇಡೀ ಕತೆಯ ಕೀಲಿ. ಹೆಚ್ಚಿನವರು ಸರ್ಕಾರಿ ನೌಕರರಾಗಿ ಸೇರಿದವರು. ಹುದ್ದೆ ಇಲ್ಲ ಅಂತ ಅವರನ್ನು ತೆಗೆದುಹಾಕುವ ಹಾಗಿಲ್ಲ. ಕೆಲವು ವರ್ಷ ಇದಕ್ಕೊಂದು ನೆಮ್ಮದಿಯ ದಾರಿ ಇತ್ತು. 55 ದಾಟಿದವರು ಸಂಬಳದ ದೊಡ್ಡ ಪಾಲು ಪಡೆಯುತ್ತಾ ನಿವೃತ್ತಿಗೆ ಮುಂಚೆಯೇ ಮನೆಗೆ ಹೋಗಬಹುದಿತ್ತು. ಸಾವಿರಾರು ಜನ ಹಾಗೆ ಖುಷಿಯಿಂದಲೇ ಹೋದರು. ಆ ಯೋಜನೆ 2006ರ ಕೊನೆಗೆ ಮುಗಿಯಿತು.

ಸರಿಯಾಗಿ ಅದೇ ಹೊತ್ತಿಗೆ 'ನೆಕ್ಸ್ಟ್' ಎಂಬ ಯೋಜನೆ ಬಂತು. ಮೂರು ವರ್ಷದಲ್ಲಿ 22,000 ಜನ ಕಂಪನಿ ಬಿಡಬೇಕು, 10,000 ಜನ ಬೇರೆ ಕೆಲಸಕ್ಕೆ ಬದಲಾಗಬೇಕು, 6,000 ಹೊಸಬರು ಬರಬೇಕು. ಆಗ ಫ್ರಾನ್ಸಿನಲ್ಲಿದ್ದ ಒಟ್ಟು ನೌಕರರು ಸುಮಾರು 1,20,000. ತೆಗೆದುಹಾಕುವ ಅಧಿಕಾರ ಇಲ್ಲ. ಸುಖವಾಗಿ ಕಳಿಸುವ ದಾರಿ ಮುಚ್ಚಿದೆ. ಗುರಿ ಮಾತ್ರ ಬೋರ್ಡಿನ ಮೇಲಿದೆ. ಉಳಿದ ದಾರಿ ಒಂದೇ: ಅವರೇ ಬೇಸತ್ತು ಹೋಗುವ ಹಾಗೆ ಮಾಡುವುದು.

ಬಿಎಸ್‌ಎನ್‌ಎಲ್ ಇಲ್ಲಿ ನೆನಪಾಗುತ್ತದೆ. 2019ರಲ್ಲಿ ಅಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ 78,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿ, 2020ರ ಜನವರಿ 31ರಂದು ಒಂದೇ ದಿನ ಹೊರನಡೆದರು. ಆ ಯೋಜನೆಯ ಬಗ್ಗೆ ದೂರುಗಳಿಲ್ಲ ಅಂತಲ್ಲ. ಆದರೆ ಹೋಗುವವರ ಕೈಗೆ ದುಡ್ಡು ಕೊಟ್ಟು ಕಳಿಸುವುದಕ್ಕೂ, ಕುರ್ಚಿ ಕಸಿದು ಕಳಿಸುವುದಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ?

2006ರ ಅಕ್ಟೋಬರ್ 20ರಂದು ಪ್ಯಾರಿಸ್ಸಿನಲ್ಲಿ ಹಿರಿಯ ಅಧಿಕಾರಿಗಳ ಸಭೆ. ಅಲ್ಲಿ ಲೊಂಬಾರ್ ಹೇಳಿದ ಮಾತು ಟಿಪ್ಪಣಿಯಲ್ಲಿ ದಾಖಲಾಗಿತ್ತು, ವರ್ಷಗಳ ನಂತರ ಹೊರಬಿತ್ತು. ತಾಯಿಕೋಳಿಯ ಹಾಗೆ ಎಲ್ಲರನ್ನೂ ರೆಕ್ಕೆಯ ಕೆಳಗೆ ಇಟ್ಟುಕೊಳ್ಳುವುದನ್ನು ಬಿಡಬೇಕು ಎಂದರು. 2007ರಲ್ಲಿ ಹೇಗಾದರೂ ಸರಿ ಜನರನ್ನು ಕಳಿಸುತ್ತೇನೆ, ಕಿಟಕಿಯಿಂದಲೋ ಬಾಗಿಲಿನಿಂದಲೋ ಎಂದರು.

ಒಬ್ಬ ಲೈನ್‌ಮನ್ನಿನ ಮೇಜು

ದೊಡ್ಡ ಯೋಜನೆಗಳು ಕೆಳಗಿನವನ ಮೇಜಿನ ಮೇಲೆ ಹೇಗೆ ಕಾಣುತ್ತವೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವಿಚಾರಣೆಯಲ್ಲಿ ಬಂದ ಸಾಕ್ಷ್ಯಗಳಲ್ಲಿ ಮತ್ತೆ ಮತ್ತೆ ಕಾಣುವ ಮನುಷ್ಯ ಹೀಗಿರುತ್ತಾನೆ: ಐವತ್ತರ ಆಸುಪಾಸಿನ ಟೆಕ್ನಿಶಿಯನ್. ಇಪ್ಪತ್ತೈದು ಮೂವತ್ತು ವರ್ಷ ಕಂಬ ಹತ್ತಿದ್ದಾನೆ, ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ್ದಾನೆ, ಬಿರುಗಾಳಿ ಬಂದಾಗ ರಾತ್ರಿಯೆಲ್ಲ ನಿಂತು ಲೈನ್ ಸರಿ ಮಾಡಿದ್ದಾನೆ. ಊರಿನಲ್ಲಿ ಅವನಿಗೆ ಮರ್ಯಾದೆ ಇದೆ.

ಒಂದು ದಿನ ಅವನ ಹುದ್ದೆ ರದ್ದಾಯಿತು ಎಂಬ ಸುದ್ದಿ ಬರುತ್ತದೆ. ಕೆಲಸ ಹೋಗಿಲ್ಲ, ಹುದ್ದೆ ಹೋಗಿದೆ. ಅವನಿಗೆ ಸಿಕ್ಕುವುದು ಕಾಲ್ ಸೆಂಟರ್. ತಲೆಗೆ ಹೆಡ್‌ಸೆಟ್, ಎದುರಿಗೆ ಪರದೆ, ಪರದೆಯ ಮೇಲೆ ಬರೆದಿಟ್ಟ ಮಾತು. ಕರೆ ಮಾಡಿದವನ ಲೈನ್ ಯಾಕೆ ಕೆಟ್ಟಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಆದರೆ ಅದನ್ನು ವಿವರಿಸಲು ಸಮಯವಿಲ್ಲ. ಕರೆ ಎಷ್ಟು ನಿಮಿಷ ನಡೆಯಿತು ಎಂಬುದರ ಲೆಕ್ಕ ಇಡುತ್ತಾರೆ. ಕೊನೆಗೆ ಒಂದು ಹೊಸ ಪ್ಯಾಕೇಜ್ ಮಾರಬೇಕು. ಮಾರದಿದ್ದರೆ ತಿಂಗಳ ಕೊನೆಗೆ ತನಗಿಂತ ಇಪ್ಪತ್ತು ವರ್ಷ ಚಿಕ್ಕ ಟೀಮ್ ಲೀಡರ್ ಕರೆದು ಕೇಳುತ್ತಾನೆ.

ಇನ್ನು ಕೆಲವರಿಗೆ ಬೇರೆ ಊರು. ಕೆಲವರಿಗೆ ಬೇರೆ ಊರೂ ಇಲ್ಲ, ಕೆಲಸವೂ ಇಲ್ಲ, ಸುಮ್ನೆ ಕೂರಿಸಿ ಇಡುವುದು. ಅಧಿಕಾರಿಗಳಿಗಂತೂ ಮೂರು ವರ್ಷಕ್ಕೊಮ್ಮೆ ಜಾಗ ಬದಲಿಸಬೇಕು ಎಂಬ ಒತ್ತಡ, ಅದಕ್ಕೆ 'ಟೈಮ್ ಟು ಮೂವ್' ಎಂಬ ಘೋಷಣೆ. ಹೊರಗಿನ ಕೆಲಸ ಹುಡುಕಿಕೊಳ್ಳಿ, ಬೇರೆ ಸರ್ಕಾರಿ ಇಲಾಖೆಗೆ ಹೋಗಿ, ಸ್ವಂತ ಅಂಗಡಿ ಇಡಿ ಎಂದು ಇಮೇಲ್‌ಗಳು ಬರುತ್ತಲೇ ಇದ್ದವು.

ಒತ್ತಡ ಹಾಕುವವರನ್ನೂ ತಯಾರು ಮಾಡಬೇಕಿತ್ತು. ಸುಮಾರು 4,000 ಮ್ಯಾನೇಜರುಗಳಿಗೆ ತರಬೇತಿ ನಡೆಯಿತು. ಅಲ್ಲಿ ಪಾಠದ ಸಾಮಗ್ರಿಯಾಗಿ ಬಂದದ್ದು ದುಃಖದ ಹಂತಗಳ ಗ್ರಾಫ್. ಆಪ್ತರನ್ನು ಕಳೆದುಕೊಂಡವರು, ಸಾವಿನ ಹತ್ತಿರ ಇರುವವರು ಮೊದಲು ನಂಬುವುದಿಲ್ಲ, ಆಮೇಲೆ ಸಿಟ್ಟಾಗುತ್ತಾರೆ, ಖಿನ್ನರಾಗುತ್ತಾರೆ, ಕೊನೆಗೆ ಒಪ್ಪಿಕೊಳ್ಳುತ್ತಾರೆ ಎಂದು ಹೇಳುವ ಗೆರೆ ಅದು. ನೌಕರನಿಗೆ ಹುದ್ದೆ ಹೋಯಿತು ಎಂದಾಗ ಅವನೂ ಇದೇ ಗೆರೆಯ ಮೇಲೆ ನಡೆಯುತ್ತಾನೆ, ಗಾಬರಿಯಾಗಬೇಡಿ ಎಂಬುದು ಪಾಠ. ಅಂದರೆ ಖಿನ್ನತೆ ಬಂದೇ ಬರುತ್ತದೆ ಅಂತ ಮೊದಲೇ ಗೊತ್ತಿತ್ತು. ಅದನ್ನು ಯೋಜನೆಯ ಒಂದು ಹಂತ ಎಂದು ಎಣಿಸಲಾಗಿತ್ತು. ಮ್ಯಾನೇಜರುಗಳ ಬೋನಸ್ಸಿನ ಒಂದು ಪಾಲು ಎಷ್ಟು ಜನ ಹೋದರು ಎಂಬುದರ ಮೇಲೆ ನಿಂತಿತ್ತು.

2008ರ ಕೊನೆಗೆ 22,000ದ ಗುರಿ ಮುಟ್ಟಿತು.

ಆಲಿಸುವ ಘಟಕಗಳು

ಈಗ ಸಹಾಯದ ಕಡೆಗೆ ಬರೋಣ. ಯೋಜನೆ ಜೋರಾಗಿ ನಡೆಯುತ್ತಿದ್ದಾಗಲೇ ಕಂಪನಿ 'ಆಲಿಸುವ ಘಟಕ'ಗಳನ್ನು ತೆರೆಯಿತು. ನೊಂದ ನೌಕರ ಅಲ್ಲಿಗೆ ಹೋಗಿ ಮಾತಾಡಬಹುದು. ಕಾಗದದ ಮೇಲೆ ನೋಡಿದರೆ ಇದು ಒಳ್ಳೆಯ ಇಎಪಿಯೇ.

ಮೊದಲ ತಕರಾರು ಎತ್ತಿದವರು ಕಂಪನಿಯ ಡಾಕ್ಟರುಗಳೇ. ಫ್ರಾನ್ಸಿನಲ್ಲಿ ಔದ್ಯೋಗಿಕ ವೈದ್ಯರು ಅಂದರೆ ನಮ್ಮ ಕಾರ್ಖಾನೆಗಳಲ್ಲಿ ಜ್ವರಕ್ಕೆ ಮಾತ್ರೆ ಕೊಡುವ ಡಾಕ್ಟರ್ ಅಲ್ಲ. ಸಂಬಳ ಕಂಪನಿಯದ್ದೇ ಆದರೂ ಅವರ ಸ್ವಾತಂತ್ರ್ಯಕ್ಕೆ ಕಾನೂನಿನ ರಕ್ಷಣೆ ಇದೆ. ಈ ಮನುಷ್ಯನಿಗೆ ಈ ಕೆಲಸ ಆಗುವುದಿಲ್ಲ ಎಂದು ಅವರು ಬರೆದುಕೊಟ್ಟರೆ ಅದಕ್ಕೆ ಬೆಲೆ ಇದೆ. ಅಂಥ ಡಾಕ್ಟರುಗಳನ್ನು ಎಚ್‌ಆರ್‌ನವರ ಜೊತೆ ಒಂದೇ ಘಟಕದಲ್ಲಿ ಕೂರಿಸಿದರೆ ರೋಗಿಯ ಗುಟ್ಟು ಏನಾಗುತ್ತದೆ? ಹಲವರು ಈ ಪ್ರಶ್ನೆ ಕೇಳಿದರು. ಕೆಲವರು ಘಟಕಗಳಲ್ಲಿ ಕೂರಲು ಒಪ್ಪಲಿಲ್ಲ. ಕೆಲವರು ಕೆಲಸವನ್ನೇ ಬಿಟ್ಟರು.

ನೌಕರರಿಗೂ ಇದು ಅರ್ಥವಾಗಿತ್ತು. ಅದೇ ಕಂಪನಿಯಲ್ಲಿ 'ಬೆಳವಣಿಗೆಯ ತಾಣ' ಎಂಬ ಚೆಂದದ ಹೆಸರಿನ ಇನ್ನೊಂದು ವಿಭಾಗ ಇತ್ತು. ಅಲ್ಲಿ ಹುದ್ದೆ ಕಳೆದುಕೊಂಡವರಿಗೆ ಹೊರಗಿನ ದಾರಿ ತೋರಿಸುತ್ತಿದ್ದರು. ಒಂದು ಕೋಣೆ ಹೊರಗೆ ತಳ್ಳುತ್ತದೆ, ಇನ್ನೊಂದು ಕೋಣೆ ನೋವು ಕೇಳುತ್ತದೆ, ಎರಡಕ್ಕೂ ಸಂಬಳ ಕೊಡುವವರು ಒಬ್ಬರೇ. ನನಗೆ ನಿದ್ದೆ ಬರುತ್ತಿಲ್ಲ ಎಂದು ಎರಡನೇ ಕೋಣೆಯಲ್ಲಿ ಹೇಳಿದ ಮಾತು ಮೊದಲನೇ ಕೋಣೆಗೆ ತಲುಪುವುದಿಲ್ಲ ಅಂತ ಯಾರು ನಂಬುತ್ತಾರೆ?

ಗುಟ್ಟಿನ ಸಮಸ್ಯೆಗಿಂತ ದೊಡ್ಡದು ಇನ್ನೊಂದಿತ್ತು. ಘಟಕದಲ್ಲಿ ಕುಳಿತವರು ಕೇಳಬಹುದು, ಸಮಾಧಾನ ಹೇಳಬಹುದು, ರಜೆ ಹಾಕಿ ಅನ್ನಬಹುದು. ಆ ಟೆಕ್ನಿಶಿಯನ್ನನ್ನು ವಾಪಸ್ ಲೈನಿಗೆ ಕಳಿಸುವ ಅಧಿಕಾರ ಅವರಿಗಿಲ್ಲ. ಗುರಿಯನ್ನು 22,000ದಿಂದ ಇಳಿಸುವ ಮಾತಂತೂ ಎತ್ತುವ ಹಾಗೇ ಇಲ್ಲ. ಹಾಗಾಗಿ ಅಲ್ಲಿಗೆ ಬಂದ ಪ್ರತಿಯೊಂದು ದೂರೂ ಆ ವ್ಯಕ್ತಿಯ ದೌರ್ಬಲ್ಯವಾಗಿ ಬದಲಾಗುತ್ತಿತ್ತು. ಇವರು ಸ್ವಲ್ಪ ಸೂಕ್ಷ್ಮ, ಬದಲಾವಣೆಗೆ ಹೊಂದಿಕೊಳ್ಳಲು ಕಷ್ಟಪಡುತ್ತಿದ್ದಾರೆ, ಮನೆಯಲ್ಲೂ ಏನೋ ತೊಂದರೆ ಇರಬಹುದು, ಹೀಗೆ. ಒಬ್ಬೊಬ್ಬರ ಕಡತ ಒಂದೊಂದು ಕಪಾಟಿನಲ್ಲಿ. ಎಲ್ಲ ಕಡತಗಳನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿ, ಇಷ್ಟು ಜನಕ್ಕೆ ಒಂದೇ ಕಾಯಿಲೆ ಯಾಕೆ ಬಂತು ಎಂದು ಕೇಳುವ ಕೆಲಸ ಯಾರದ್ದೂ ಆಗಿರಲಿಲ್ಲ.

ಆ ಕೆಲಸ ಹೊರಗಿನಿಂದ ಶುರುವಾಯಿತು. 2007ರಲ್ಲಿ ಸುಡ್ ಮತ್ತು ಸಿಎಫ್ಇ-ಸಿಜಿಸಿ ಎಂಬ ಎರಡು ಕಾರ್ಮಿಕ ಸಂಘಗಳು ಸೇರಿ ಒತ್ತಡ ಮತ್ತು ಬಲವಂತದ ವರ್ಗಾವಣೆಗಳ ಮೇಲೆ ಕಣ್ಣಿಡುವ ಒಂದು ವೀಕ್ಷಣಾ ಕೇಂದ್ರ ಕಟ್ಟಿದವು. ಒಂದು ಎಡಪಂಥದ ಸಂಘ, ಇನ್ನೊಂದು ಅಧಿಕಾರಿ ವರ್ಗದ ಸಂಘ. ಸಾಮಾನ್ಯವಾಗಿ ಒಂದೇ ಬೆಂಚಿನಲ್ಲಿ ಕೂರುವವರಲ್ಲ. ಸಮಾಜಶಾಸ್ತ್ರಜ್ಞರನ್ನು, ವೈದ್ಯರನ್ನು ಜೊತೆಗೆ ಸೇರಿಸಿಕೊಂಡು ಅಂತರ್ಜಾಲದಲ್ಲಿ ಪ್ರಶ್ನಾವಳಿ ಹಾಕಿದರು. ಕಂಪನಿ ತನ್ನ ಕಂಪ್ಯೂಟರುಗಳಿಂದ ಆ ತಾಣವನ್ನು ನೋಡಲಾಗದಂತೆ ತಡೆ ಹಾಕಿತು. ಜನ ಮನೆಗೆ ಹೋಗಿ ಉತ್ತರ ತುಂಬಿದರು. ನನ್ನ ಲೆಕ್ಕದಲ್ಲಿ ಈ ಪ್ರಕರಣದಲ್ಲಿ ನಿಜವಾದ ಸಹಾಯ ಕಾರ್ಯಕ್ರಮ ಅಂತ ಏನಾದರೂ ಇದ್ದರೆ ಅದು ಇದೇ. ಒಬ್ಬೊಬ್ಬರೇ ಅನುಭವಿಸುತ್ತಿದ್ದದ್ದನ್ನು ಎಲ್ಲರೂ ಒಟ್ಟಿಗೆ ನೋಡುವ ಹಾಗೆ ಮಾಡಿತು.

2009ರ ಬೇಸಿಗೆ

ಜುಲೈನಲ್ಲಿ ಮಾರ್ಸೇಯ ಒಬ್ಬ ಟೆಕ್ನಿಶಿಯನ್ ಸಾಯುವ ಮೊದಲು ಪತ್ರ ಬರೆದಿಟ್ಟರು. ಫ್ರಾನ್ಸ್ ಟೆಲಿಕಾಂನಲ್ಲಿನ ಕೆಲಸವೇ ಇದಕ್ಕೆ ಕಾರಣ, ಬೇರೆ ಕಾರಣವಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. ಭಯ ಹುಟ್ಟಿಸಿ ಆಡಳಿತ ನಡೆಸುತ್ತಾರೆ ಎಂದೂ ಬರೆದಿದ್ದರು. ಮನೆಯಲ್ಲಿ ಏನೋ ತೊಂದರೆ ಇರಬಹುದು ಎಂಬ ಹಳೇ ಮಾತು ಈ ಪತ್ರದ ಮುಂದೆ ನಿಲ್ಲಲಿಲ್ಲ. ಸೆಪ್ಟೆಂಬರ್ ಮೊದಲ ಎರಡು ವಾರಗಳಲ್ಲಿ ಟ್ರ್ವಾ ಊರಿನ ನೌಕರರೊಬ್ಬರು ಸಭೆಯ ನಡುವೆಯೇ ತಮಗೆ ತಾವೇ ಗಾಯ ಮಾಡಿಕೊಂಡರು, ಬದುಕುಳಿದರು. ಎರಡೇ ದಿನದಲ್ಲಿ ಪ್ಯಾರಿಸ್ ಕಚೇರಿಯಲ್ಲಿ 32 ವರ್ಷದ ಒಬ್ಬ ಯುವತಿ ತೀರಿಕೊಂಡರು.

ಇಲ್ಲಿ ಒಂದು ಪ್ರಾಮಾಣಿಕ ತಕರಾರು ಇದೆ, ಅದನ್ನು ಬದಿಗೆ ಸರಿಸುವುದು ಸರಿಯಲ್ಲ. ಲಕ್ಷ ಜನ ಇರುವ ಕಂಪನಿಯಲ್ಲಿ ವರ್ಷಕ್ಕೆ ಇಷ್ಟು ಆತ್ಮಹತ್ಯೆ ಎಂಬುದು ಫ್ರಾನ್ಸಿನ ಒಟ್ಟು ಪ್ರಮಾಣಕ್ಕಿಂತ ಜಾಸ್ತಿಯೇನಲ್ಲ ಎಂದು ಆಗಲೇ ಕೆಲವರು ಲೆಕ್ಕ ಹಾಕಿ ತೋರಿಸಿದ್ದರು. ಕಂಪನಿಯ ಕಡೆಯವರು ಅದನ್ನೇ ಹಿಡಿದುಕೊಂಡರು. ಅದಕ್ಕೆ ಪ್ರತಿವಾದವೂ ಇತ್ತು. ಕೆಲಸದಲ್ಲಿರುವವರ ಲೆಕ್ಕವನ್ನು ಇಡೀ ಜನಸಂಖ್ಯೆಯ ಜೊತೆ ಹೋಲಿಸಬಹುದಾ ಎಂದು ಎದುರಿನವರು ಕೇಳಿದರು. ಈ ಸಂಖ್ಯೆಯ ಜಗಳದಲ್ಲಿ ಸಿಕ್ಕಿಕೊಂಡರೆ ವಿಷಯ ಕೈತಪ್ಪುತ್ತದೆ ಎಂಬುದು ನನ್ನ ಅನಿಸಿಕೆ. ಕೋರ್ಟಿನ ಮುಂದಿದ್ದ ಪ್ರಶ್ನೆಯೂ ಸಾವಿನ ಶೇಕಡಾವಾರು ಎಷ್ಟು ಎಂಬುದಲ್ಲ. ಆಡಳಿತ ಏನು ಮಾಡಿತು, ಅದರಿಂದ ನೌಕರರ ಕೆಲಸದ ಪರಿಸ್ಥಿತಿ ಏನಾಯಿತು ಎಂಬುದು.

ಆ ಶರತ್ಕಾಲದಲ್ಲಿ ಟೆಕ್ನೊಲೊಜಿಯಾ ಎಂಬ ಸಂಸ್ಥೆ ಎಲ್ಲ ನೌಕರರಿಗೂ ಒಂದು ಉದ್ದನೆಯ ಪ್ರಶ್ನಾವಳಿ ಕಳಿಸಿತು. 1,02,000 ಜನರಲ್ಲಿ 80,000ಕ್ಕೂ ಹೆಚ್ಚು ಜನ ಉತ್ತರಿಸಿದರು. ಎಚ್‌ಆರ್ ಸಮೀಕ್ಷೆಯ ಲಿಂಕ್ ಬಂದರೆ ನಮ್ಮಲ್ಲಿ ಎಷ್ಟು ಜನ ತೆರೆಯುತ್ತಾರೆ ಅಂತ ಯೋಚಿಸಿ, ಈ ಸಂಖ್ಯೆಯ ತೂಕ ಗೊತ್ತಾಗುತ್ತದೆ. ಮಾತಾಡಲು ಅವರಿಗೆ ಹಿಂಜರಿಕೆ ಇರಲಿಲ್ಲ. ಆಲಿಸುವ ಘಟಕದ ಬಾಗಿಲು ತಟ್ಟಲು ಮಾತ್ರ ಹಿಂಜರಿಕೆ ಇತ್ತು. 2010ರ ಫೆಬ್ರವರಿಯಲ್ಲಿ ಕಾರ್ಮಿಕ ಇನ್ಸ್‌ಪೆಕ್ಟರ್ ಸಿಲ್ವಿ ಕತಾಲಾ ತಮ್ಮ ವರದಿಯನ್ನು ಪ್ರಾಸಿಕ್ಯೂಟರ್ ಕಚೇರಿಗೆ ಕಳಿಸಿದರು. ಸುಡ್ ಸಂಘ ಅಷ್ಟರಲ್ಲೇ ದೂರು ಕೊಟ್ಟಿತ್ತು.

ಏನು ಕೆಲಸ ಮಾಡಿತು

ಲೊಂಬಾರ್ ಅವರ ಬಲಗೈಯಂತಿದ್ದ ಲೂಯಿ ಪಿಯೇರ್ ವೆನೆಸ್ 2009ರ ಅಕ್ಟೋಬರಿನಲ್ಲಿ ಕೆಳಗಿಳಿದರು. ಅವರ ಜಾಗಕ್ಕೆ ಸ್ಟೆಫಾನ್ ರಿಶಾರ್ ಬಂದರು. 2010ರ ಮಾರ್ಚಿನಲ್ಲಿ ಲೊಂಬಾರ್ ಅವರ ಕೈಯಲ್ಲಿದ್ದ ಆಡಳಿತವೂ ರಿಶಾರ್ ಅವರಿಗೇ ಬಂತು.

ರಿಶಾರ್ ಕಾಲದಲ್ಲಿ ಸಹಾಯವಾಣಿ ಇತ್ತು, ಸೈಕಾಲಜಿಸ್ಟ್‌ಗಳಿದ್ದರು. ಆದರೆ ಗಾಳಿ ಬದಲಾದದ್ದು ಬೇರೆ ಕಾರಣಗಳಿಂದ. ಬಲವಂತದ ವರ್ಗಾವಣೆ ನಿಂತಿತು. ನಿವೃತ್ತಿಯ ಹತ್ತಿರ ಬಂದವರು ಅರ್ಧ ಹೊತ್ತು ಕೆಲಸ ಮಾಡಿ, ಅರ್ಧಕ್ಕಿಂತ ಹೆಚ್ಚು ಸಂಬಳ ಪಡೆಯುವ ಒಪ್ಪಂದ ಆಯಿತು. ಅಂದರೆ 2006ರಲ್ಲಿ ಮುಚ್ಚಿದ್ದ ನೆಮ್ಮದಿಯ ದಾರಿ ಬೇರೆ ರೂಪದಲ್ಲಿ ಮತ್ತೆ ತೆರೆಯಿತು. ಹಿರಿಯ ಅಧಿಕಾರಿಗಳ ಬೋನಸ್ಸಿನ ಒಂದು ಪಾಲನ್ನು ನೌಕರರ ಸ್ಥಿತಿಗತಿಯ ಸೂಚ್ಯಂಕಕ್ಕೆ ಕಟ್ಟಲಾಯಿತು. ಮೊದಲು ಜನ ಹೋದರೆ ಬೋನಸ್, ಈಗ ಜನ ಸರಿಯಾಗಿದ್ದರೆ ಬೋನಸ್. ಮ್ಯಾನೇಜರುಗಳ ಮನಸ್ಸು ಒಂದೇ ವರ್ಷದಲ್ಲಿ ಬದಲಾಗಿರಲಿಕ್ಕಿಲ್ಲ, ಲೆಕ್ಕ ಬದಲಾಯಿತು.

ಹಾಗಂತ ಎಲ್ಲವೂ ನಿಂತುಬಿಟ್ಟಿತು ಅಂತಲ್ಲ. 2011ರ ಏಪ್ರಿಲಿನಲ್ಲಿ ಬೋರ್ಡೋ ಹತ್ತಿರದ ಮೆರಿನ್ಯಾಕ್‌ನಲ್ಲಿ ಇನ್ನೊಬ್ಬ ನೌಕರ ಕಂಪನಿಯ ಕಟ್ಟಡದ ಮುಂದೆಯೇ ಪ್ರಾಣ ಬಿಟ್ಟರು. ಹಿಂದಿನ ವರ್ಷಗಳಲ್ಲಿ ಆಡಳಿತಕ್ಕೆ ಅವರು ಪತ್ರ ಬರೆದಿದ್ದರು.

ಕೋರ್ಟ್

2019ರ ಮೇ 6ರಂದು ಪ್ಯಾರಿಸ್ಸಿನಲ್ಲಿ ವಿಚಾರಣೆ ಶುರುವಾಯಿತು, ಜುಲೈವರೆಗೆ ನಡೆಯಿತು. ಅಷ್ಟು ಹೊತ್ತಿಗೆ ಕಂಪನಿಯ ಹೆಸರೇ ಆರೆಂಜ್ ಎಂದಾಗಿತ್ತು. ಕೋರ್ಟಿನ ಮುಂದೆ ಇದ್ದದ್ದು 39 ಜನರ ಪ್ರಕರಣ: 19 ಸಾವು, 12 ಆತ್ಮಹತ್ಯೆ ಯತ್ನ, 8 ಜನರ ಖಿನ್ನತೆ ಅಥವಾ ಕೆಲಸ ಬಿಟ್ಟು ಮಲಗಿದ ಸ್ಥಿತಿ. ಡಿಸೆಂಬರ್ 20ರಂದು ತೀರ್ಪು ಬಂತು. ಲೊಂಬಾರ್, ವೆನೆಸ್ ಮತ್ತು ಎಚ್‌ಆರ್ ಮುಖ್ಯಸ್ಥರಾಗಿದ್ದ ಒಲಿವಿಯೇ ಬಾರ್ಬೆರೊ ಅವರಿಗೆ ತಲಾ ಒಂದು ವರ್ಷ ಶಿಕ್ಷೆ, ಅದರಲ್ಲಿ 8 ತಿಂಗಳು ಅಮಾನತು (ಅಂದರೆ ಆ ಭಾಗಕ್ಕೆ ಜೈಲಿಗೆ ಹೋಗಬೇಕಿಲ್ಲ), ಜೊತೆಗೆ 15,000 ಯೂರೋ ದಂಡ. ಕಂಪನಿಗೆ 75,000 ಯೂರೋ ದಂಡ. ಅಷ್ಟು ದೊಡ್ಡ ಕಂಪನಿಗೆ ಅದು ಚಿಲ್ಲರೆ ಕಾಸು, ಆದರೆ ಆಗಿನ ಕಾನೂನಿನಲ್ಲಿ ಹಾಕಬಹುದಾಗಿದ್ದ ಗರಿಷ್ಠ ದಂಡ ಅದೇ.

ತೀರ್ಪಿನ ತಿರುಳು ಹೀಗಿತ್ತು. ಜನರನ್ನು ಕಡಿಮೆ ಮಾಡುವುದು ಅಪರಾಧವಲ್ಲ. 22,000 ಜನರನ್ನು ಕಳಿಸಲು ಆರಿಸಿಕೊಂಡ ದಾರಿಗಳು ಕಾನೂನು ನಿಷೇಧಿಸಿದ ದಾರಿಗಳು. 2007 ಮತ್ತು 2008ರ ಮಟ್ಟಿಗೆ ಅಪರಾಧ ಸಾಬೀತಾಯಿತು, ನಂತರದ ಅವಧಿಯ ಆರೋಪದಿಂದ ಬಿಡುಗಡೆ ಸಿಕ್ಕಿತು. ಬಾಸ್ ಒಬ್ಬ ತನ್ನ ಕೈಕೆಳಗಿನವನನ್ನು ಹಿಂಸಿಸಿದ ಎಂಬ ಪ್ರಕರಣ ಇದಲ್ಲ. ಲೊಂಬಾರ್ ಆ ಟೆಕ್ನಿಶಿಯನ್‌ಗಳನ್ನು ಕಂಡೂ ಇರಲಿಲ್ಲ. ಕಂಪನಿಯ ನೀತಿಯೇ ಕಿರುಕುಳದ ರೂಪ ಪಡೆದರೆ ಅದನ್ನು ರೂಪಿಸಿದವರೂ ಹೊಣೆ ಎಂದು ಕೋರ್ಟ್ ಹೇಳಿತು. 2022ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ಕೋರ್ಟ್ ಲೊಂಬಾರ್ ಮತ್ತು ವೆನೆಸ್ ಅವರ ಜೈಲು ಶಿಕ್ಷೆಯನ್ನು ಪೂರ್ತಿ ಅಮಾನತಿನಲ್ಲಿಟ್ಟಿತು, ಅಪರಾಧ ಮಾತ್ರ ಎತ್ತಿಹಿಡಿಯಿತು. 2025ರ ಜನವರಿ 21ರಂದು ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವೂ ಅದನ್ನೇ ಒಪ್ಪಿತು.

ನಮ್ಮ ಆಫೀಸಿನ ಪೋಸ್ಟರ್

ಇದನ್ನು ಬೆಂಗಳೂರಿನಲ್ಲಿ ಕುಳಿತು ಓದುವವರಿಗೆ ಏನು ಸಂಬಂಧ? ಇಲ್ಲಿನ ದೊಡ್ಡ ಐಟಿ ಕಂಪನಿಗಳಲ್ಲಿ, ಬ್ಯಾಂಕುಗಳ ಬ್ಯಾಕ್ ಆಫೀಸುಗಳಲ್ಲಿ ಇಎಪಿ ಈಗ ಮಾಮೂಲು. ಲಿಫ್ಟಿನ ಪಕ್ಕ ಪೋಸ್ಟರ್, ಟಾಯ್ಲೆಟ್ ಬಾಗಿಲ ಹಿಂದೆ ಇನ್ನೊಂದು, ಕ್ಯೂಆರ್ ಕೋಡ್, ಇಷ್ಟು ಸೆಷನ್ ಉಚಿತ ಎಂಬ ಸಾಲು. ಹೊರಗಿನ ಏಜೆನ್ಸಿ ತಲೆಗೆ ಇಷ್ಟು ಎಂದು ಬಿಲ್ ಮಾಡುತ್ತದೆ. ಮೂರು ತಿಂಗಳಿಗೊಮ್ಮೆ ಒಂದು ವರದಿ ಎಚ್‌ಆರ್‌ಗೆ ಬರುತ್ತದೆ. ಎಷ್ಟು ಕರೆ ಬಂತು, ಯಾವ ವಿಷಯಕ್ಕೆ ಬಂತು ಎಂದು ಬಣ್ಣದ ವೃತ್ತ.

ಇದನ್ನು ಲೇವಡಿ ಮಾಡಲು ನನಗೆ ಇಷ್ಟವಿಲ್ಲ. ಸಾಲ, ವಿಚ್ಛೇದನ, ಅಪ್ಪನ ಕಾಯಿಲೆ, ಕುಡಿತ, ಮಗು ಕಳೆದುಕೊಂಡ ದುಃಖ, ಇಂಥದ್ದಕ್ಕೆ ರಾತ್ರಿ ಹನ್ನೊಂದಕ್ಕೂ ಒಬ್ಬರು ಫೋನ್ ಎತ್ತುತ್ತಾರೆ ಅಂದರೆ ಅದು ಸಣ್ಣ ವಿಷಯವಲ್ಲ. ನಮ್ಮಲ್ಲಿ ಇಎಪಿ ಇಡಲೇಬೇಕು ಎಂಬ ಕಾನೂನು ಇಲ್ಲ. ಹಾಗಿದ್ದೂ ಇಟ್ಟಿದ್ದಾರೆ ಎಂಬುದು ಒಳ್ಳೆಯದೇ. 1948ರ ಕಾರ್ಖಾನೆ ಕಾಯ್ದೆ 500 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕ್ಷೇಮಾಧಿಕಾರಿ ಇರಬೇಕು ಎಂದಿತ್ತು. ಅವರ ಸಂಬಳವೂ ಕಾರ್ಖಾನೆಯದ್ದೇ. ಅದೇ ಹಳೇ ಗಂಟು.

ಫ್ರಾನ್ಸ್ ಟೆಲಿಕಾಂ ಪ್ರಕರಣ ಓದಿದ ಮೇಲೆ ನಾನು ಆ ಬಣ್ಣದ ವೃತ್ತವನ್ನು ಬೇರೆ ರೀತಿ ನೋಡುತ್ತೇನೆ. 'ಕೆಲಸದ ಒತ್ತಡ' ಎಂಬ ಹೋಳು ಒಂದೇ ವಿಭಾಗದಲ್ಲಿ ಉಬ್ಬಿದ್ದರೆ ಆ ವರದಿ ಯಾರ ಮೇಜಿಗೆ ಹೋಗುತ್ತದೆ? ಆ ವಿಭಾಗದ ಮುಖ್ಯಸ್ಥರ ಗುರಿಯನ್ನು ಇಳಿಸುವ, ಖಾಲಿ ಹುದ್ದೆ ತುಂಬುವ ಅಧಿಕಾರ ಇರುವವರ ಮೇಜಿಗೆ ಹೋಗುತ್ತದಾ? ಅಥವಾ ಉತ್ತರವಾಗಿ ಆ ವಿಭಾಗಕ್ಕೆ ಒಂದು ಗಂಟೆಯ ಯೋಗ, ಮೈಂಡ್‌ಫುಲ್‌ನೆಸ್ ಸೆಷನ್ ಬರುತ್ತದಾ? ಹತ್ತು ಜನರ ಟೀಮಿನಲ್ಲಿ ಇಬ್ಬರು ಕರೆ ಮಾಡಿದ್ದಾರೆ ಎಂಬ ವರದಿ ಬಂದರೆ ಆ ಇಬ್ಬರು ಯಾರು ಅಂತ ಊಹಿಸುವುದು ಕಷ್ಟವಲ್ಲ. ಹಾಗಾಗಿ ಸಣ್ಣ ಗುಂಪುಗಳ ಅಂಕಿ ಕೊಡಬೇಡಿ ಎಂದು ಏಜೆನ್ಸಿಯ ಕರಾರಿನಲ್ಲೇ ಬರೆಸಬೇಕು. ಲೇಆಫ್ ಪಟ್ಟಿ ಮಾಡುವವರು ಮತ್ತು ಈ ವರದಿ ಓದುವವರು ಒಬ್ಬರೇ ಆಗಿರಬಾರದು. ಪ್ರಾಜೆಕ್ಟ್ ಕೊಡದೆ ಬೆಂಚಿನ ಮೇಲೆ ತಿಂಗಳುಗಟ್ಟಲೆ ಕೂರಿಸಿ, ಕಡಿಮೆ ರೇಟಿಂಗ್ ಕೊಟ್ಟು, ನೀವೇ ರಾಜೀನಾಮೆ ಕೊಡಿ ಎನ್ನುವ ಮೀಟಿಂಗ್ ಮುಗಿಸಿ, ಕೊನೆಗೆ ಕೌನ್ಸೆಲರ್ ನಂಬರ್ ಇರುವ ಇಮೇಲ್ ಕಳಿಸುವುದು ನಮ್ಮಲ್ಲಿ ಕೇಳದ ಸಂಗತಿಯೇನಲ್ಲ. ಆಗ ಆ ನಂಬರ್ ಯಾರ ರಕ್ಷಣೆಗೆ ಇದೆ ಎಂಬುದು ಕರೆ ಮಾಡಬೇಕಾದವನಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಗುಟ್ಟಿನ ವಿಷಯದಲ್ಲಿ ನಮ್ಮ ಕಾನೂನು ಒಂದು ಆಸರೆ ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡುವುದು ರೋಗಿಯ ಹಕ್ಕು ಎನ್ನುತ್ತದೆ. ಕಂಪನಿಯ ನಂಬರಿನ ಮೇಲೆ ನಂಬಿಕೆ ಬರದಿದ್ದರೆ ಕಂಪನಿಗೆ ಸಂಬಂಧವೇ ಇಲ್ಲದ ಒಂದು ನಂಬರ್ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್, ನಿಮ್ಹಾನ್ಸ್ ಮೇಲುಸ್ತುವಾರಿ ನೋಡುವ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು: 14416.